ಪುಟ ಸಂಖ್ಯೆ 47

ಎಣಿಸುವವರ ಕೈಗೆ ಸಿಕ್ಕ ಮೇಲೆ ಯಾರ ಮಾನವೂ ಪೂರ್ತಿ ಉಳಿಯುವುದಿಲ್ಲ. ಅದರಲ್ಲೂ ಎಣಿಸಿಕೊಳ್ಳುವವರೇ ಎಣಿಸಿ ಕೊಡಬೇಕು ಎಂದರೆ ಕೇಳುವುದೇ ಬೇಡ. ಗ್ರಂಥಾಲಯದ ಮೂರನೆಯ ಮಹಡಿಯ ಮೂಲೆಕೋಣೆಯಲ್ಲಿ ಕೂತ ಸೂಚಿಯಮ್ಮನ ಪಾಡು ಆ ವಾರ ಹಾಗಾಗಿತ್ತು.

ಸೂಚಿಯಮ್ಮ ಎನ್ನುವುದು ಆಫೀಸಿನವರು ಇಟ್ಟ ಹೆಸರು. ಆ ಗ್ರಂಥಾಲಯದಿಂದ ಗ್ರಂಥಾಲಯ ವಿಜ್ಞಾನದ ಒಂದು ಪತ್ರಿಕೆ ಹೊರಡುತ್ತದೆ, ವರ್ಷಕ್ಕೆ ಎರಡು ಸಂಚಿಕೆ. ವರ್ಷದ ಕೊನೆಗೆ ಯಾವ ಲೇಖನ ಯಾವ ಪುಟದಲ್ಲಿದೆ ಎಂದು ಅಕಾರಾದಿಯಾಗಿ ಪಟ್ಟಿ ಮಾಡುವ ಸೂಚಿಯ ಕೆಲಸ ಅವಳದು. ಹತ್ತೊಂಬತ್ತು ವರ್ಷದಿಂದ ಅವಳೇ ಮಾಡುತ್ತಿದ್ದಾಳೆ. ಪತ್ರಿಕೆಯ ಸಂಪಾದಕರು ಗ್ರಂಥಾಲಯದ ಮುಖ್ಯಸ್ಥರೇ. ಅವರು ಅವಳ ಅಕ್ಕನ ಗಂಡ. ಆಫೀಸಿನ ಮೆಟ್ಟಿಲು ಹತ್ತುವವರೆಗೆ ಭಾವ, ಹತ್ತಿದ ಮೇಲೆ ಸರ್. ಕೆಲಸಕ್ಕೆ ಸೇರಿದ ಮೊದಲ ದಿನ ಅಕ್ಕ ಹೇಳಿಕೊಟ್ಟ ಈ ನೇಮವನ್ನು ಅವಳು ಒಂದು ದಿನವೂ ಮುರಿದಿರಲಿಲ್ಲ.

ಆ ಪತ್ರಿಕೆಯ ಕುತ್ತಿಗೆಗೆ ಈಗ ಬಂದಿತ್ತು. ಇಂಥ ಪತ್ರಿಕೆಗಳಿಂದ ಸಂಶೋಧನೆಗೆ ಏನು ಪ್ರಯೋಜನ ಎಂದು ಅಳೆಯಲು ವಿಶ್ವವಿದ್ಯಾಲಯ ಒಂದು ಮಾಪನ ಸಮಿತಿ ಮಾಡಿತ್ತು. ಅಳತೆಗೋಲು ಸರಳ. ಇಪ್ಪತ್ತು ವರ್ಷಗಳಲ್ಲಿ ಈ ಪತ್ರಿಕೆಯ ಲೇಖನಗಳನ್ನು ಬೇರೆ ಸಂಶೋಧಕರು ತಮ್ಮ ಬರಹಗಳ ಕೊನೆಯಲ್ಲಿ ಎಷ್ಟು ಸಲ ಉಲ್ಲೇಖಿಸಿದ್ದಾರೆ? ನೂರು ದಾಟಿದರೆ ಪತ್ರಿಕೆ ಉಳಿಯುತ್ತದೆ. ದಾಟದಿದ್ದರೆ ಮುಂದಿನ ಸಂಚಿಕೆಯೇ ಕೊನೆಯದು, ಪತ್ರಿಕೆಯ ಜೊತೆಗೆ ಸೂಚಿಯಮ್ಮನ ಹುದ್ದೆಯೂ ಹೋಗುತ್ತದೆ. ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಸಭೆ.

ಸೋಮವಾರ ಸಮಿತಿಯ ಕಂಪ್ಯೂಟರಿನಿಂದ ಪಟ್ಟಿ ಬಂತು. ಅವಳು ಮೊದಲು ಕೊನೆಯ ಸಾಲನ್ನೇ ನೋಡಿದಳು. ಒಟ್ಟು ನಲವತ್ತೊಂಬತ್ತು.

ಇದು ಹೇಗೆ ಸಾಧ್ಯ? ಭಾವ ಬರೆದ ಒಂದು ಲೇಖನಕ್ಕೇ ಅರವತ್ತರ ಮೇಲೆ ಉಲ್ಲೇಖಗಳಿವೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. "ತಪ್ಪು ಕಪಾಟಿಗೆ ಹೋದ ಪುಸ್ತಕಗಳು" ಎಂಬ ಆ ಲೇಖನ ಅವರ ಬದುಕಿನ ಹೆಮ್ಮೆ. ಯಾರಾದರೂ ನೆಂಟರು ಬಂದು, ನಿಮ್ಮ ಕೆಲಸ ಪುಸ್ತಕದ ಧೂಳು ಹೊಡೆಯೋದು ತಾನೇ ಎಂದು ಅಂದರೆ ಅಕ್ಕ ತಟ್ಟನೆ ಆ ಅರವತ್ತನ್ನು ಎತ್ತಿ ಅವರ ಮುಖಕ್ಕೆ ಹಿಡಿಯುತ್ತಿದ್ದಳು. ಈಗ ಪಟ್ಟಿಯಲ್ಲಿ ಆ ಲೇಖನದ ಮುಂದೆ ನಾಲ್ಕು ಎಂದಿತ್ತು. ಬರೀ ನಾಲ್ಕು.

ಭಾವ ಬಾಗಿಲಲ್ಲಿ ಇಣುಕಿದರು. "ಏನಮ್ಮಾ, ಎಷ್ಟಾಯ್ತು?"

"ಇನ್ನೂ ಎಣಿಸ್ತಿದೀನಿ ಸರ್," ಎಂದಳು, ಪಟ್ಟಿಯ ಮೇಲೆ ಮೊಣಕೈ ಊರಿ.

ಪಟ್ಟಿಯ ಜೊತೆಗೆ ಇನ್ನೊಂದು ಕಡತವಿತ್ತು, ಹೊಂದಾಣಿಕೆಯಾಗದ ಉಲ್ಲೇಖಗಳದು. ಲೇಖಕ, ಶೀರ್ಷಿಕೆ, ಸಂಪುಟ, ಪುಟ, ಇವುಗಳಲ್ಲಿ ಒಂದು ತಪ್ಪಿದರೂ ಕಂಪ್ಯೂಟರು ಅಂಥ ಉಲ್ಲೇಖವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಅಲ್ಲಿಗೆ ತಳ್ಳುತ್ತಿತ್ತು. ಮಂಗಳವಾರವಿಡೀ ಅವಳು ಆ ಕಡತವನ್ನು ಜಾಲಾಡಿದಳು. ಭಾವನ ಲೇಖನ ಅಲ್ಲಿ ಸಿಕ್ಕಿತು. ಒಂದಲ್ಲ ಎರಡಲ್ಲ, ಐವತ್ತೆಂಟು ಸಲ. ಲೇಖಕರ ಹೆಸರು ಸರಿ, ಶೀರ್ಷಿಕೆ ಸರಿ, ಸಂಪುಟ ಸರಿ. ಪುಟ ಸಂಖ್ಯೆ 47 ಎಂದು ಐವತ್ತೆಂಟು ಕಡೆಯಲ್ಲೂ ಇತ್ತು.

ಹೋದ ಜೀವ ಬಂದಂತಾಯಿತು. ನಲವತ್ತೊಂಬತ್ತಕ್ಕೆ ಐವತ್ತೆಂಟು ಸೇರಿಸಿದರೆ ನೂರ ಏಳು. ಕಂಪ್ಯೂಟರಿನದೇ ಏನೋ ತಪ್ಪಿರಬೇಕು ಎಂದುಕೊಂಡು, ಅದನ್ನು ಸಾಬೀತು ಮಾಡಲು ಅವಳು ಕೆಳಗಿನ ಮಹಡಿಗೆ ಹೋಗಿ ಆ ವರ್ಷದ ಸಂಪುಟವನ್ನು ಕಪಾಟಿನಿಂದ ಇಳಿಸಿದಳು. ನಿಂತಲ್ಲೇ 47ನೆಯ ಪುಟ ತೆಗೆದಳು. ಅಲ್ಲಿ ಪುಸ್ತಕಕ್ಕೆ ಹತ್ತುವ ಬೆಳ್ಳಿಮೀನು ಹುಳುವಿನ ನಿಯಂತ್ರಣದ ಬಗ್ಗೆ ಯಾರದೋ ಲೇಖನವಿತ್ತು. ಮಗುಚುತ್ತ ಹೋದಳು. ಐವತ್ತು, ಅರವತ್ತು, ಎಪ್ಪತ್ತು. "ತಪ್ಪು ಕಪಾಟಿಗೆ ಹೋದ ಪುಸ್ತಕಗಳು" ಶುರುವಾಗುವುದು 74ನೆಯ ಪುಟದಲ್ಲಿ. ಸಂಚಿಕೆಯ ಪರಿವಿಡಿಯಲ್ಲೂ 74 ಎಂದೇ ಇದೆ. 47 ಎಂದಿರುವುದು ಸಂಪುಟದ ಕೊನೆಗೆ ಹೊಲಿದ ವಾರ್ಷಿಕ ಸೂಚಿಯಲ್ಲಿ. ಹತ್ತೊಂಬತ್ತು ವರ್ಷದ ಹಿಂದೆ, ಅವಳು ಕೆಲಸಕ್ಕೆ ಸೇರಿ ಎರಡು ತಿಂಗಳಾದಾಗ ಮಾಡಿದ ಮೊಟ್ಟಮೊದಲ ಸೂಚಿ ಅದು.

ಅಂಕಿ ತಿರುಗುಮುರುಗಾಗಿತ್ತು, ಅಷ್ಟೇ. ಆದರೆ ಸೂಚಿ ಮಾಡುವವಳಿಗೆ ಅದು ಅಷ್ಟೇ ಅಲ್ಲ. ದಾರಿ ಕೇಳಿದವರಿಗೆ ಇಷ್ಟು ವರ್ಷ ಹುಳುವಿನ ಮನೆ ತೋರಿಸಿದ್ದಳು.

ಕೋಣೆಗೆ ಬಂದು ಕೂತ ಮೇಲೆ ಇನ್ನೊಂದು ಯೋಚನೆ ಬಂತು, ಅದು ಮೊದಲನೆಯದಕ್ಕಿಂತ ಕೆಟ್ಟದ್ದು. ಈ ಐವತ್ತೆಂಟು ಜನರಲ್ಲಿ ಒಬ್ಬರಾದರೂ ಲೇಖನವನ್ನು ತೆರೆದು ನೋಡಿದ್ದರೆ 47 ಎಂದು ಬರೆಯುತ್ತಿರಲಿಲ್ಲ. ತೆರೆದಿಲ್ಲ. ಮುಂದಿನ ಕುರಿ ಹಾರಿತೆಂದು ಹಿಂದಿನ ಕುರಿಗಳೂ ಹಾರಿವೆ. ಒಬ್ಬ ಬರೆದದ್ದನ್ನು ಇನ್ನೊಬ್ಬ ಎತ್ತಿಕೊಂಡು, ಅವನದನ್ನು ಮತ್ತೊಬ್ಬ ಎತ್ತಿಕೊಂಡು, ತಮ್ಮ ಪಟ್ಟಿ ಉದ್ದವಾಗಲಿ ಎಂದು ಭಾವನ ಹೆಸರನ್ನು ಬಾಲಕ್ಕೆ ಕಟ್ಟಿಕೊಂಡಿದ್ದಾರೆ. ಭಾವನ ಅರವತ್ತು ಎಂದರೆ ಇದು. ಓದಿದವರು, ಹೆಚ್ಚೆಂದರೆ, ಸರಿಯಾದ ಪುಟ ಬರೆದ ಆ ನಾಲ್ಕು ಮಂದಿ.

ಐವತ್ತೆಂಟರ ಹೆಸರುಗಳನ್ನು ಒಂದೊಂದಾಗಿ ಬರೆದುಕೊಳ್ಳುತ್ತ ಹೋದಳು. ನಲವತ್ತೆರಡನೆಯ ಹೆಸರಿಗೆ ಬಂದಾಗ ಪೆನ್ಸಿಲು ನಿಂತಿತು. ಅದು ಅವಳದೇ ಹೆಸರು. ಆರು ವರ್ಷದ ಹಿಂದೆ ಅವಳೂ ಒಂದು ಪುಟ್ಟ ಲೇಖನ ಬರೆದಿದ್ದಳು. ಭಾವನನ್ನು ಬಿಟ್ಟರೆ ಚೆನ್ನಾಗಿರುವುದಿಲ್ಲ ಎಂದು ಕೊನೆಯಲ್ಲಿ ಅವರ ಲೇಖನವನ್ನು ಸೇರಿಸಿದ್ದಳು, ತನ್ನದೇ ಸೂಚಿ ನೋಡಿಕೊಂಡು. ಅವರ ಮನೆಯ ಮೇಲಿನ ಮಹಡಿಯಲ್ಲೇ ವಾಸ, ಅವರ ಮನೆಯಲ್ಲೇ ಊಟ, ಕೆಲಸ ಕಲಿತದ್ದು ಅವರಿಂದ. ಆದರೂ ಹತ್ತೊಂಬತ್ತು ವರ್ಷದಲ್ಲಿ ಆ ಲೇಖನ ಓದಿರಲಿಲ್ಲ. ಓದಿದ್ದೇನೆ ಎಂದೇ ಅಂದುಕೊಂಡಿದ್ದಳು. ಮನೆಯಲ್ಲಿ ಅಷ್ಟು ಸಲ ಕೇಳಿದ್ದನ್ನು ಮತ್ತೆ ಓದುವುದೇನಿದೆ?

ಇನ್ನೂ ಮೂರು ಹೆಸರು ಕಣ್ಣಿಗೆ ಬಿದ್ದವು. ಮೂರೂ ಒಂದೇ ಹೆಸರು, ಭಾವನದು. ತಮ್ಮ ನಂತರದ ಮೂರು ಲೇಖನಗಳಲ್ಲಿ ಅವರೇ ತಮ್ಮ ಲೇಖನವನ್ನು ಉಲ್ಲೇಖಿಸಿದ್ದರು. ಅಲ್ಲೂ 47. ಸ್ವಂತ ಬರಹ ಯಾವ ಪುಟದಲ್ಲಿದೆ ಎಂದು ಅವರೂ ತೆಗೆದು ನೋಡಿಲ್ಲ, ಅವಳ ಸೂಚಿಯನ್ನು ನಂಬಿ ಬರೆದಿದ್ದಾರೆ! ನಂಬಿಕೆ ಇಷ್ಟು ಭಾರವಾಗಿರುತ್ತದೆ ಎಂದು ಅವಳಿಗೆ ಅವತ್ತೇ ಗೊತ್ತಾದದ್ದು.

ಬುಧವಾರ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವಳು ತಟ್ಟೆಯ ಮುಂದೆ ಸುಮ್ಮನೆ ಕೂತಿದ್ದಳು. ಭಾವ ಬೇಗ ಉಂಡು ಹೋಗಿದ್ದರು. ಅಕ್ಕ ಎರಡು ಸಲ ಕೇಳಿದಳು. ಮೂರನೆಯ ಸಲ ಕೇಳಿದಾಗ ಸೂಚಿಯಮ್ಮ ಎಲ್ಲವನ್ನೂ ಹೇಳಿಬಿಟ್ಟಳು.

ಅಕ್ಕ ಸೌಟನ್ನು ಪಾತ್ರೆಯಲ್ಲಿಟ್ಟು ಕೂತಳು. "ಅಂದ್ರೆ ಯಾರೂ ಓದೇ ಇಲ್ವಾ?"

"ನಾಲ್ಕು ಜನ ಓದಿರಬಹುದು."

"ಅಯ್ಯೋ ದೇವರೇ. ನೋಡು, ಅವರಿಗೆ ಮಾತ್ರ ಹೇಳ್ಬೇಡ. ಆ ಅರವತ್ತನ್ನ ನೆಚ್ಚಿಕೊಂಡು ಬದುಕಿರೋ ಮನುಷ್ಯ ಅದು. ಮಾತು ಬೆಳ್ಳಿ, ಮೌನ ಬಂಗಾರ."

"ಸುಮ್ಮನಿದ್ರೆ ಪತ್ರಿಕೆ ಮುಚ್ಚುತ್ತೆ ಅಕ್ಕಾ. ತಪ್ಪು ಯಾಕಾಯ್ತು ಅಂತ ಬರೆದುಕೊಟ್ರೆ ಮಾತ್ರ ಐವತ್ತೆಂಟನ್ನ ಸೇರಿಸ್ಕೊಳ್ತಾರೆ. ಬರೆದುಕೊಟ್ರೆ ಸಭೆಯಲ್ಲಿ ಓದ್ತಾರೆ. ಸಭೆಯಲ್ಲಿ ಭಾವ ಕೂತಿರ್ತಾರೆ."

ಅಕ್ಕ ಸೌಟನ್ನು ಮತ್ತೆ ಕೈಗೆ ತೆಗೆದುಕೊಂಡಳು. "ಅವತ್ತು ಅವರಿಗೆ ಜ್ವರ ಬರೋ ಹಾಗೆ ಏನಾದ್ರೂ ಮಾಡ್ಲಾ?" ಎಂದಳು. ಇಬ್ಬರಿಗೂ ನಗು ಬಂತು. ಆದರೆ ನಕ್ಕು ಮುಗಿದ ಮೇಲೆ ತಟ್ಟೆಯ ಅನ್ನ ಹಾಗೇ ಇತ್ತು.

ಅತ್ತ ದರಿ, ಇತ್ತ ಪುಲಿ. ಗುರುವಾರವೆಲ್ಲ ಅವಳು ಪತ್ರ ಬರೆದಳು, ಹರಿದಳು, ಮತ್ತೆ ಬರೆದಳು. ಭಾವ ಮೂರು ಸಲ ಬಂದು ಎಷ್ಟಾಯ್ತು ಎಂದು ಕೇಳಿ ಹೋದರು. ಮೂರನೆಯ ಸಲ ಬಂದಾಗ ಅವರೂ ಹೆದರಿದ್ದು ಕಂಡಿತು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತ, "ನೂರು ದಾಟುತ್ತೆ ತಾನೇ? ನಂದೊಂದೇ ಅರವತ್ತಿದೆ," ಎಂದರು. ಅವಳು ಹೂಂ ಎಂದಳು.

ಶುಕ್ರವಾರ ಹತ್ತೂವರೆಗೇ ಸಭೆಯ ಕೋಣೆಯ ಹೊರಗೆ ಕಾದು ನಿಂತು, ಸಮಿತಿಯ ಅಧ್ಯಕ್ಷೆ ಬಂದ ಕೂಡಲೇ ಪತ್ರವನ್ನು ಅವರ ಕೈಗಿಟ್ಟಳು. ಅಧ್ಯಕ್ಷೆ ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕಿ, ಕೂದಲನ್ನು ಬಿಗಿಯಾಗಿ ಎಳೆದು ಕಟ್ಟಿದ್ದರು, ಮಾತೂ ಹಾಗೇ.

"ಮೇಡಂ, ಇದನ್ನ ನೀವು ಒಬ್ಬರೇ ಓದಿಕೊಂಡ್ರೆ ಸಾಲದಾ?"

"ಆಗಲ್ಲಮ್ಮ. ಲೆಕ್ಕಕ್ಕೆ ಬರೋದೆಲ್ಲ ಎಲ್ಲರ ಮುಂದೆ ಬರಬೇಕು," ಎಂದು ಅವರು ಒಳಗೆ ಹೋದರು.

ಉದ್ದನೆಯ ಮೇಜು. ಅಧ್ಯಕ್ಷೆಯ ಎರಡೂ ಪಕ್ಕ ಇಬ್ಬಿಬ್ಬರು ಸದಸ್ಯರು, ಎದುರಿಗೆ ಭಾವ, ಅವರ ಪಕ್ಕದಲ್ಲಿ ಸೂಚಿಯಮ್ಮ. ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಅದನ್ನು ನೋಡಿ ಅವಳಿಗೆ ಅಳು ಬರುವಂತಾಯಿತು.

ಅಧ್ಯಕ್ಷೆ ಪತ್ರವನ್ನು ಪೂರ್ತಿ ಓದಿದರು. ಐವತ್ತೆಂಟು ಉಲ್ಲೇಖಗಳಲ್ಲೂ 74ರ ಬದಲು 47 ಎಂದಿರುವುದು, ಸರಿಯಾದ ಪುಟ ಬರೆದವರು ನಾಲ್ಕೇ ಮಂದಿ ಎಂಬುದು, ತಪ್ಪಿನ ಮೂಲ ವಾರ್ಷಿಕ ಸೂಚಿ ಎಂಬುದು, ಆ ಸೂಚಿಯನ್ನು ಮಾಡಿದ್ದು ಯಾರು ಎಂಬುದು. ಸೂಚಿಯಮ್ಮ ಮೇಜಿನ ಮರದ ಗೆರೆಗಳನ್ನೇ ನೋಡುತ್ತಿದ್ದಳು. ಭಾವನ ಕಡೆ ತಿರುಗುವ ಧೈರ್ಯ ಬರಲಿಲ್ಲ.

"ಅಂದ್ರೆ," ಎಂದರು ಅಧ್ಯಕ್ಷೆ, "ಇವರು ಯಾರೂ ಮೂಲ ಲೇಖನ ನೋಡಿಲ್ಲ."

ಅವರು ಪತ್ರವನ್ನು ಮೇಜಿನ ಮೇಲಿಟ್ಟು ಫಾರಮ್ಮನ್ನು ಹತ್ತಿರಕ್ಕೆ ಎಳೆದುಕೊಂಡರು.

"ಅದು ಹಾಗಿರಲಿ, ನಮ್ಮ ಫಾರಮ್ಮಿನಲ್ಲಿ ಓದಿದ್ದಾರಾ ಅಂತ ಕೇಳೋ ಕಾಲಂ ಇಲ್ಲ. ನನಗೆ ಬೇರೆ ಅನುಮಾನ. ಈ ವಾರ್ಷಿಕ ಸೂಚಿ ಎಷ್ಟು ಪ್ರತಿ ಅಚ್ಚಾಗುತ್ತೆ?"

"ಹನ್ನೆರಡು," ಎಂದಳು ಸೂಚಿಯಮ್ಮ.

"ಎಲ್ಲಿಗೆ ಹೋಗುತ್ತೆ?"

"ಎಲ್ಲಿಗೂ ಇಲ್ಲ. ಇಲ್ಲೇ, ನಮ್ಮ ಸಂಪುಟಗಳಿಗೆ ಸೇರಿಸಿ ಹೊಲೀತೀವಿ."

"ಹಾಗಾದ್ರೆ ಹೊರಗಿನ ಐವತ್ತು ಜನಕ್ಕೆ ಅದರಲ್ಲಿದ್ದ ತಪ್ಪು ಹೇಗೆ ಗೊತ್ತಾಯ್ತು? ತಪ್ಪಿನ ಮೂಲ ತೋರಿಸದೆ ನಾನು ಈ ಉಲ್ಲೇಖಗಳನ್ನ ಸೇರಿಸೋ ಹಾಗಿಲ್ಲ."

ನಾಲ್ಕು ದಿನ ತಪ್ಪನ್ನು ತನ್ನ ತಲೆಗೆ ಕಟ್ಟಿಕೊಳ್ಳುವ ಭರದಲ್ಲಿ ಈ ಒಂದು ಪ್ರಶ್ನೆ ಸೂಚಿಯಮ್ಮನಿಗೆ ಹೊಳೆದೇ ಇರಲಿಲ್ಲ. ಭಾವನ ಮನಸ್ಸೂ ಮುರಿಯಿತು, ಪತ್ರಿಕೆಯೂ ಹೋಯಿತು. ಎರಡನ್ನೂ ತಾನೇ ಕೈಯಾರೆ ಮಾಡಿದೆ ಎಂದು ಅನಿಸಿತು.

"ನನ್ನಿಂದ ಹೋಯ್ತು," ಎಂದರು ಭಾವ.

ಎಲ್ಲರೂ ಅವರತ್ತ ತಿರುಗಿದರು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಆ ಲೇಖನ ಬಂದ ಮೇಲೆ ನಾನು ಇನ್ನೂ ಮೂರು ಬರೆದೆ. ಅವು ಹೊರಗಿನ ದೊಡ್ಡ ಪತ್ರಿಕೆಗಳಲ್ಲಿ ಬಂದವು. ಮೂರರಲ್ಲೂ ಕೊನೆಗೆ 47 ಅಂತ ನಾನೇ ಬರೆದದ್ದು. ಎಲ್ಲರೂ ಎತ್ತಿಕೊಂಡದ್ದು ಅಲ್ಲಿಂದ. ತೆಗೆದು ನೋಡಿ, ತಾರೀಕು ಹೊಂದುತ್ತೆ."

ಒಬ್ಬ ಸದಸ್ಯರು ನಕ್ಕರು. "ನಿಮ್ಮ ಲೇಖನ ಎಲ್ಲಿದೆ ಅಂತ ನಿಮಗೇ ಗೊತ್ತಿರ್ಲಿಲ್ವಾ ಸರ್?"

"ಗೊತ್ತಿತ್ತು. ಸೂಚಿ ಅಚ್ಚಾಗಿ ಬಂದ ದಿನವೇ ತಪ್ಪು ನೋಡಿದ್ದೆ." ಭಾವ ಮೆಲ್ಲಗೆ ಹೇಳಿದರು. "ಆಗ ಇವಳು ಸೇರಿ ಎರಡು ತಿಂಗಳು. ಇನ್ನೂ ಕಾಯಂ ಆಗಿರ್ಲಿಲ್ಲ. ಭಾವನ ಕೃಪೆಯಿಂದ ಬಂದವಳು ಅಂತ ಆಗಲೇ ಗುಸುಗುಸು ಶುರುವಾಗಿತ್ತು. ಮೊದಲ ಸೂಚಿಯಲ್ಲೇ ಸಂಪಾದಕನ ಲೇಖನವನ್ನೇ ತಪ್ಪಾಗಿ ಹಾಕಿದಾಳೆ ಅಂದ್ರೆ ಬಿಡ್ತಿದ್ರಾ? ನಾನು 74 ಅಂತ ಬರೆದ್ರೆ ಯಾರಾದ್ರೂ ಸೂಚಿ ಜೊತೆ ಹೋಲಿಸಿ ನೋಡ್ತಾರೆ ಅಂತ ಭಯ. 47 ಅಂತಲೇ ಬರೆದೆ. ಒಂದು ಸಲ ಬರೆದ ಮೇಲೆ ಮುಂದಿನ ಸಲವೂ ಹಾಗೇ ಬರೀಬೇಕಾಯ್ತು. ಇಷ್ಟು ಜನ ಅದನ್ನೇ ಎತ್ತಿಕೊಂಡು ಹೋಗ್ತಾರೆ ಅಂತ ನಾನೇನು ಕನಸು ಕಂಡಿದ್ನಾ?"

ಅಧ್ಯಕ್ಷೆ ತಾರೀಕುಗಳನ್ನು ತಾಳೆ ನೋಡಿದರು. ಆಮೇಲೆ ಲೇಖಕರು ತಮ್ಮನ್ನು ತಾವೇ ಉಲ್ಲೇಖಿಸಿದ ಮೂರನ್ನು ಹೊಡೆದು ಹಾಕಿದರು. ಪತ್ರಿಕೆಯ ಸಿಬ್ಬಂದಿ ಬರೆದದ್ದು ಎಂದು ನಲವತ್ತೆರಡನೆಯ ಹೆಸರನ್ನೂ ಹೊಡೆದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಸೂಚಿಯಮ್ಮ ಸೆರಗು ಸರಿಮಾಡಿಕೊಂಡಳು.

"ನೂರ ಮೂರು," ಎಂದರು ಅಧ್ಯಕ್ಷೆ. "ಪತ್ರಿಕೆ ಉಳೀತು. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕಿ. ಇಬ್ಬರೂ ಸಹಿ ಮಾಡಿ."

ಭಾವನ ಕೋಣೆಗೆ ಬಂದು ಬಾಗಿಲು ಹಾಕಿದ ಮೇಲೆ ಅವಳಿಗೆ ಸಿಟ್ಟು ಬಂತು. ಸಂತೋಷ ಬರಬೇಕಾದ ಹೊತ್ತಿಗೆ ಸಿಟ್ಟು ಬರುವುದು ಅವರ ಮನೆತನಕ್ಕೇ ಇದ್ದ ಗುಣ.

"ಒಂದು ಮಾತು ಹೇಳಿದ್ರೆ ಮಾರನೇ ದಿನ ತಿದ್ದುಪಡಿ ಹಾಕಿ ಮುಗಿಸ್ತಿದ್ದೆ ಭಾವ! ನಿಮ್ಮ ಲೇಖನವನ್ನ ನೀವೇ ಬಚ್ಚಿಟ್ಟ ಹಾಗಾಯ್ತಲ್ಲ." ಆಫೀಸಿನಲ್ಲಿ ಅವರನ್ನು ಭಾವ ಎಂದು ಕರೆದದ್ದು ಅವಳ ಗಮನಕ್ಕೇ ಬರಲಿಲ್ಲ.

ಭಾವ ಸಿಟ್ಟಾಗಲಿಲ್ಲ. ಅರವತ್ತು ಕಳೆದುಕೊಂಡ ಮನುಷ್ಯನ ಮುಖ ಹೇಗಿರಬೇಕೋ ಹಾಗೆ ಇರಲಿಲ್ಲ ಅವರ ಮುಖ. ಏನನ್ನೋ ಕೇಳಬೇಕು, ಕೇಳಲು ನಾಚಿಕೆ ಎಂಬಂತೆ ಕುರ್ಚಿಯ ಅಂಚಿಗೆ ಬಂದು ಕೂತರು.

"ಆ ನಾಲ್ಕು ಜನ ಯಾರು?"

"ಯಾವ ನಾಲ್ಕು?"

"ಸರಿಯಾದ ಪುಟ ಬರೆದವರು. ಅವರು ತೆಗೆದು ನೋಡಿದಾರೆ ಅಂತಾಯ್ತಲ್ಲ. ಹೆಸರು ಓದು."

ಅವಳು ಚೀಟಿ ತೆಗೆದು ನಾಲ್ಕು ಹೆಸರು ಓದಿದಳು. ಅವರಿಗೆ ನಾಲ್ವರಲ್ಲಿ ಒಬ್ಬರ ಪರಿಚಯವೂ ಇರಲಿಲ್ಲ. ಇನ್ನೊಂದು ಸಲ ಓದಿಸಿ, ಒಂದು ಹಾಳೆಯ ಮೇಲೆ ಬರೆದುಕೊಂಡು ಮೇಜಿನ ಗಾಜಿನ ಕೆಳಗೆ ಇಟ್ಟರು. ಸೂಚಿಯಮ್ಮನ ಸಿಟ್ಟು ಅಲ್ಲಿಗೆ ಇಳಿಯಿತು.

"ನಾನೂ ಓದಿಲ್ಲ ಭಾವ," ಎಂದಳು. "ಆ ಐವತ್ತೆಂಟರಲ್ಲಿ ನಾನೂ ಒಬ್ಬಳು."

"ಗೊತ್ತು. ಆರು ವರ್ಷದ ಹಿಂದೆಯೇ ನೋಡಿದೆ." ಅವರು ನಕ್ಕರು. "ಅವತ್ತು ಸ್ವಲ್ಪ ಬೇಜಾರಾಗಿತ್ತು."

ಅವಳು ಕೆಳಗಿನ ಮಹಡಿಗೆ ಹೋಗಿ ಸಂಪುಟವನ್ನು ತಂದು ಅವರೆದುರಿಗೇ ಕೂತು 74ನೆಯ ಪುಟ ತೆಗೆದಳು. ಓದತೊಡಗಿದಳು. ಭಾವ ಕಾಗದ ನೋಡುವಂತೆ ಮಾಡಿದರು, ಕಿಟಕಿಯ ಹತ್ತಿರ ಹೋದರು, ಬಂದು ಕೂತರು, ಕನ್ನಡಕ ಒರೆಸಿದರು. ಬೆಳಿಗ್ಗೆ ಇಡೀ ಸಮಿತಿಯ ಎದುರು ಅಲುಗದ ಮನುಷ್ಯ ಒಬ್ಬ ನಾದಿನಿ ಪುಟ ಮಗುಚುವುದನ್ನು ನೋಡಲಾರದೆ ಒದ್ದಾಡುತ್ತಿದ್ದರು.

"ಎಲ್ಲಿಗೆ ಬಂತು?"

"ಎರಡನೇ ಪುಟ."

"ಆ ಕೋಷ್ಟಕ ಸ್ವಲ್ಪ ಬೋರು. ಬೇಕಾದ್ರೆ ಬಿಡು."

ಅವಳು ಬಿಡಲಿಲ್ಲ. ಎರಡು ವರ್ಷ ಕಪಾಟು ಕಪಾಟು ಸುತ್ತಿ, ಜಾಗ ತಪ್ಪಿ ಕಳೆದುಹೋದ ಮುನ್ನೂರು ಪುಸ್ತಕಗಳನ್ನು ಹುಡುಕಿ, ಒಂದೊಂದೂ ಅಲ್ಲಿಗೆ ಹೇಗೆ ಹೋಯಿತು ಎಂದು ಅವರು ಬರೆದಿದ್ದರು. ಐದನೆಯ ಪುಟದಲ್ಲಿ ಒಂದು ಸಾಲು ಇತ್ತು. ಪುಸ್ತಕಗಳು ತಪ್ಪು ಕಪಾಟಿಗೆ ಹೋಗುವುದು ಹೆಚ್ಚಾಗಿ ಕಳ್ಳರಿಂದಲೂ ಅಲ್ಲ, ಅಸಡ್ಡೆಯವರಿಂದಲೂ ಅಲ್ಲ. ಸಿಬ್ಬಂದಿಗೆ ತೊಂದರೆಯಾಗದಿರಲಿ ಎಂದು, ಓದಿದ ಪುಸ್ತಕವನ್ನು ತಾವೇ ಕಪಾಟಿಗೆ ಎತ್ತಿಟ್ಟು ಹೋಗುವ ಒಳ್ಳೆಯ ಮನಸ್ಸಿನವರಿಂದ.

ಅವಳು ಆ ಸಾಲನ್ನು ಎರಡು ಸಲ ಓದಿದಳು. ಮೂರನೆಯ ಸಲ ಓದುವಾಗ ನಗು ತಡೆಯಲಾಗಲಿಲ್ಲ, ಕಣ್ಣಲ್ಲಿ ನೀರೂ ನಿಲ್ಲಲಿಲ್ಲ.

ಭಾವ ಗಾಬರಿಯಿಂದ ಎದ್ದು ನಿಂತರು.

"ಯಾಕೆ? ಎಲ್ಲಿ? ಏನಾದ್ರೂ ತಪ್ಪಿದೆಯಾ?"